ಅಲ್ಪವಿರಾಮಳ ಕಾದಂಬರಿ

ತಪ್ಪೆಲ್ಲ ಇಸ್ತ್ರಿಪೆಟ್ಟಿಗೆಯದು. ಅದನ್ನು ಸಿಕ್ಕಿಸಲು ಜಾಗ ಬೇಕೆಂದು ಅಮ್ಮ ಕಂಪ್ಯೂಟರಿನ ಪ್ಲಗ್ಗನ್ನು ಕಳೆ ಕೀಳುವಷ್ಟು ನಿರಾಳವಾಗಿ ಕಿತ್ತುಹಾಕಿದಳು. ಮತ್ತೆ ಸಿಕ್ಕಿಸಿದಾಗ ಕಂಪ್ಯೂಟರು ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು; ಮಾತು ಮಾತ್ರ ಹೊರಡಲಿಲ್ಲ.

“ಅಮ್ಮಾ! ಅದ್ರೊಳಗೆ ನನ್ನ ಕಾದಂಬರಿ ಇತ್ತು!”

“ಇದ್ರೆ ಇರ್ಲಿ. ಅದನ್ನ ನಾನು ಮುಟ್ಟಿದ್ನಾ? ವೈರು ತಾನೇ ಕಿತ್ತಿದ್ದು?”

ಮಗಳು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಅಲ್ಲಿ ಎಲ್ಲರೂ ಅವಳನ್ನು ‘ಅಲ್ಪವಿರಾಮ’ ಎನ್ನುತ್ತಿದ್ದರು. ಮಾತು ಶುರುಮಾಡಿ ನಡುವೆ ನಿಂತುಬಿಡುವುದು ಅವಳ ಅಭ್ಯಾಸ. ಆ ಬಿಡುವಿನಲ್ಲಿ ಬೇರೆಯವರು ವಾಕ್ಯ ಮುಗಿಸಿ ಹೊರಟೇ ಹೋಗಿರುತ್ತಿದ್ದರು. ವರ್ಷಗಟ್ಟಲೆ ಊರವರ ಕಾಗುಣಿತ ತಿದ್ದಿದವಳ ಕಾದಂಬರಿಯನ್ನು ಪ್ರೆಸ್ಸಿನ ಯಜಮಾನರು ಅಚ್ಚು ಹಾಕಲು ಕೊನೆಗೂ ಒಪ್ಪಿದ್ದರು. “ಇವತ್ತು ಸಂಜೆಯೊಳಗೆ ಕೈಗೆ ಬರ್ಬೇಕು. ಇಲ್ಲಾಂದ್ರೆ ಹೊಲಿಗೆ ಕಲಿಸೋ ಪುಸ್ತಕ ಹಾಕ್ತೀನಿ.”

ಸದ್ದು ಕೇಳಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಬಂದರು. ಅವರ ಬಾಯಲ್ಲಿ ಇಂಗ್ಲಿಷ್ ಪದ ಬಂದದ್ದನ್ನು ಯಾರೂ ಕೇಳಿಲ್ಲ.

“ಗಣಕಯಂತ್ರ ಕೆಟ್ಟಿತೇ? ಇನ್ನೊಂದು ಪ್ರತಿ ತೆಗೆದಿಡಲಿಲ್ಲವೇ?”

ಅವಳ ಮೈಯೆಲ್ಲ ಉರಿಯಿತು. ಮನೆಗೆ ಬೆಂಕಿ ಬಿದ್ದಾಗ ‘ಇನ್ನೊಂದು ಮನೆ ಕಟ್ಟಿಸಿರಲಿಲ್ಲವೇ’ ಎಂದು ಕೇಳುವವರನ್ನು ಏನೆನ್ನಬೇಕು? ಅನ್ನಬೇಕೆಂದುಕೊಂಡದ್ದು ಬಹಳ. ಬಾಯಿಂದ ಹೊರಬಿದ್ದದ್ದು, “ಅದು, ಮೇಷ್ಟ್ರೇ,”

“ಸರಿ ಸರಿ, ನಾನೂ ಬರುತ್ತೇನೆ, ನಡೆ.”

ರಿಪೇರಿ ಅಂಗಡಿಯವನು ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು, ಬ್ಲೋವರ್ ಹಿಡಿದು ಯಾವುದೋ ಪೆಟ್ಟಿಗೆಯ ಧೂಳು ಹಾರಿಸುತ್ತಿದ್ದ. ಇವಳದನ್ನು ಬಿಚ್ಚಿ ನೋಡಿ ಹೆಣದ ಮುಂದೆ ನಿಂತವನಂತೆ ತಲೆಯಾಡಿಸಿದ.

“ಡಿಸ್ಕು ಕೊನೇ ಉಸಿರು ಎಳೀತಾ ಇದೆ. ಒಂದೇ ಸಲ ಓಡ್ಸಬಹುದು. ಸೇವ್ ಮಾಡಿದ್ದು ತೆಗೀಲಾ, ಡಿಲೀಟ್ ಮಾಡಿದ್ದು ತೆಗೀಲಾ?”

“ಅದು,” ಎಂದಳು ಅಲ್ಪವಿರಾಮ.

ಮೇಷ್ಟ್ರು ಆ ಬಿಡುವಿಗೆ ನುಗ್ಗಿದರು. “ಕನ್ನಡದಲ್ಲಿ ಕೇಳಪ್ಪಾ! ಉಳಿಸಿದ್ದು! ಉಳಿಸಿದ್ದನ್ನು ತೆಗೆ!”

ಅದೇ ಹೊತ್ತಿಗೆ ಬ್ಲೋವರ್ ಬುಸ್ಸೆಂದಿತು.

“ಆಯ್ತು ಸಾರ್. ಸಾಮಾನ್ಯವಾಗಿ ಜನ ಅದನ್ನ ಕೇಳಲ್ಲ. ನಿಮ್ಮಿಷ್ಟ.”

ಮೇಷ್ಟ್ರನ್ನು ಅಂಗಡಿಯಲ್ಲೇ ಕಾಯಲು ಬಿಟ್ಟು ಪ್ರೆಸ್ಸಿಗೆ ಬಂದರೆ ಬಾಗಿಲಿನಿಂದ ಬೈಂಡಿಂಗ್ ಮೇಜಿನವರೆಗೂ ಅದೇ ಪ್ರಶ್ನೆ: “ಬ್ಯಾಕಪ್ ಇರ್ಲಿಲ್ವಾ?” ಅವಳು ಕೆಂಪು ಪೆನ್ನಿನ ಮುಚ್ಚಳವನ್ನು ಜಗಿದು ಚಪ್ಪಟೆ ಮಾಡಿದಳು.

ಮಧ್ಯಾಹ್ನ ಮೇಷ್ಟ್ರು ಪೆನ್‌ಡ್ರೈವ್ ಹಿಡಿದು ಬಂದರು. ಅವಳ ಮೇಜು ದಾಟಿ ನೇರ ಯಜಮಾನರ ಕೋಣೆಗೆ ಹೋದರು. ಅವಳು ಎದ್ದು “ಮೇಷ್ಟ್ರೇ, ಒಂದ್ಸಲ ನಾನು,” ಎನ್ನುವಷ್ಟರಲ್ಲಿ ಗಾಜಿನ ಬಾಗಿಲು ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಜಮಾನರ ನಗು ಕೇಳಿಸಿತು. ಅವಳ ಕಾದಂಬರಿಯಲ್ಲಿ ನಗುವಂಥದ್ದು ಒಂದು ಸಾಲೂ ಇರಲಿಲ್ಲ.

“ಏ ಅಲ್ಪವಿರಾಮ, ಬಾ ಇಲ್ಲಿ.”

ತೆರೆಯ ಮೇಲೆ ಹೀಗಿತ್ತು: ‘ಗಿರಾಕಿ ಬಂದರಷ್ಟೇ ಯಜಮಾನನ ಕೋಣೆಯಲ್ಲಿ ಫ್ಯಾನು ತಿರುಗುತ್ತದೆ. ಅವರೆದ್ದು ಹೋದ ಮೇಲೆ ರೆಕ್ಕೆ ನಿಲ್ಲುವವರೆಗಿನ ಗಾಳಿಯನ್ನು ನಮ್ಮ ಸಂಬಳದ ಲೆಕ್ಕಕ್ಕೆ ಬರೆಯುತ್ತಾನೆ.’

ಅವಳು ಓದಿದ ಕೂಡಲೇ ಗುರುತಿಸಿದಳು. ಸಂಜೆಯ ಸಿಟ್ಟಿನಲ್ಲಿ ಬರೆದು ಬೆಳಗಿನ ಭಯದಲ್ಲಿ ಅಳಿಸಿದ ಸಾಲುಗಳು! ಇವನ್ನೆಲ್ಲ ತೆಗೆದುಹಾಕಿಯೇ ಅವಳು ಯಜಮಾನನನ್ನು ಧರ್ಮಾತ್ಮನನ್ನಾಗಿ, ಪಕ್ಕದ ಮನೆಯವನನ್ನು ಪರೋಪಕಾರಿಯನ್ನಾಗಿ, ತಾಯಿಯನ್ನು ಸಹನಾಮೂರ್ತಿಯನ್ನಾಗಿ ತಿದ್ದಿ ತಿದ್ದಿ ಬರೆದದ್ದು. ಮೇಷ್ಟ್ರ ‘ಉಳಿಸಿದ್ದು’ ರಿಪೇರಿಯವನ ಕಿವಿಗೆ ‘ಅಳಿಸಿದ್ದು’ ಆಗಿ ಬಿದ್ದಿತ್ತು.

“ಯಾರಮ್ಮ ಇವನು?” ಎಂದರು ಯಜಮಾನರು.

“ಅದು, ಸಾರ್, ಯಾರೂ,”

“ಯಾರೂ ಅಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ. ಇಂಥ ಜಿಪುಣ ಲೋಕದಲ್ಲಿ ಇರ್ತಾನಾ? ನಕ್ಕು ನಕ್ಕು ಸಾಕಾಯ್ತು, ಆದ್ರೆ ನಂಬೋಕಾಗಲ್ಲ.”

“ಎಲ್ಲದಕ್ಕೂ ಮೂಗು ತೂರಿಸುವ ಆ ಪಕ್ಕದ ಮನೆ ಮುದುಕನಂತೂ ಅತಿಯಾಯಿತು,” ಎಂದರು ಮೇಷ್ಟ್ರು, ಕುರ್ಚಿ ಹತ್ತಿರಕ್ಕೆಳೆದುಕೊಂಡು.

ಅವಳಿಗೆ ತಡೆಯಲಾಗಲಿಲ್ಲ. “ಇಂಥವರು ಇದ್ದಾರೆ ಸಾರ್!” ಪ್ರೆಸ್ಸಿಗೆ ಸೇರಿದ ಮೇಲೆ ಅಲ್ಲಿ ಮೊದಲ ಸಲ ಅವಳ ವಾಕ್ಯ ಪೂರ್ತಿಯಾಗಿತ್ತು.

“ಎಲ್ಲಿದ್ದಾರೆ? ತೋರ್ಸು.”

ಅವಳು ಇವರ ಮುಖ ನೋಡಿದಳು, ಅವರ ಮುಖ ನೋಡಿದಳು. “ಅದು,”

“ನೋಡಿದ್ಯಾ? ಈ ಸಲ ಹೊಲಿಗೆ ಪುಸ್ತಕ ಅಚ್ಚಿಗೆ ಹೋಗ್ಲಿ. ನೀನು ಇದನ್ನ ಮೊದಲಿಂದ ಬರಿ. ಯಜಮಾನ ಧರ್ಮಾತ್ಮ ಆಗ್ಲಿ, ಪಕ್ಕದ್ಮನೆಯವನು ಪರೋಪಕಾರಿ ಆಗ್ಲಿ, ಆ ತಾಯಿಗೂ ಒಂದಿಷ್ಟು ಸಹನೆ ಕೊಡು. ಅಂಥದ್ದು ತಂದ್ರೆ ಕಣ್ಮುಚ್ಚಿ ಅಚ್ಚು ಹಾಕ್ತೀನಿ.” ಯಜಮಾನರು ಹೆಗಲು ತಟ್ಟಿದರು. “ಮಾದರಿಗೆ ಯಾರೂ ಸಿಗದಿದ್ರೆ ಸಂಕೋಚ ಪಡ್ಬೇಡ. ನಾನಿದ್ದೀನಲ್ಲ.”

“ನಾನೂ ಇದ್ದೇನೆ,” ಎಂದರು ಮೇಷ್ಟ್ರು.