ಮುಟ್ಟಬೇಡಿ ಎಂದಿದ್ದ ಮಾವ

ನನ್ನ ಸೋದರಮಾವನ ಕಣ್ಣೆದುರು ನೀವು ಐದು ನಿಮಿಷ ಸುಮ್ಮನೆ ಕೂತು ತೋರಿಸಿ, ನೋಡೋಣ! ಆಗುವುದಿಲ್ಲ. ಕನಕಪುರದ ಒಂದು ಕಾಲೇಜಿನಲ್ಲಿ ಆತ ಅಟೆಂಡರ್. ಬೆಲ್ ಹೊಡೆಯುವುದು, ಬಾಗಿಲು ತೆಗೆಯುವುದು ಅವನಿಗೆ ಕೊಟ್ಟ ಕೆಲಸ. ಮಕ್ಕಳ ಜೀವ ತಿನ್ನುವುದು ಅವನೇ ಹಚ್ಚಿಕೊಂಡ ಕೆಲಸ.

ಯಾವಳೋ ಹುಡುಗಿ ಮರದ ಕೆಳಗೆ ಓದುತ್ತಿದ್ದರೆ ಎದುರಿಗೇ ಹೋಗಿ ಕುಕ್ಕರಿಸುತ್ತಾನೆ.

"ಯಾಕವ್ವಾ ಒಬ್ಳೇ ಕುಂತಿದ್ದೀಯ? ಮನೇಲಿ ಬೈದ್ರಾ?"

"ನಾಳೆ ಪರೀಕ್ಷೆ ಕಣಣ್ಣೋ!"

"ಅದ್ಸರಿ. ಬೈದ್ರಾ?"

ಒಮ್ಮೆ ಮಕ್ಕಳ ಮನಸ್ಸು ನೆಟ್ಟಗಿರಲಿ ಎಂದು ಬೆಂಗಳೂರಿನಿಂದ ಯಾರೋ ಗುರುಗಳನ್ನು ಕರೆಸಿ ಧ್ಯಾನ ಮಾಡಿಸಿದರು. ಹಾಲ್ ತುಂಬ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾರೆ. ನೀರಿನ ಜಗ್ ಹಿಡಿದು ಒಳಗೆ ಬಂದ ಮಾವ ಗಾಬರಿಬಿದ್ದ! ಒಬ್ಬೊಬ್ಬರ ಭುಜವನ್ನೇ ಅಲ್ಲಾಡಿಸುತ್ತಾ ಹೊರಟ. "ಏನಾಯ್ತು ಮಗಾ? ಉಂಡ್ಯಾ?" ಗುರುಗಳ ಭುಜವನ್ನೂ ಬಿಡಲಿಲ್ಲ. ಪಾಪ, ಅವರೂ ಉಂಡಿರಲಿಲ್ಲವಂತೆ.

ಎಲ್ಲರೂ ನಗುತ್ತಾರೆ. ಆದರೆ ಈ ಮನುಷ್ಯ ಮೊದಲು ಇದಕ್ಕೆ ತೀರಾ ಉಲ್ಟಾ ಇದ್ದ.

ಮಾವ ರೇಷ್ಮೆಹುಳ ಸಾಕುವ ಮನೆಯವನು. ಹುಳ ಪೊರೆ ಕಳಚುವ ಮುಂಚೆ ಮೇಯುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ತಾನಾಗಿ ಎದ್ದು ಮೊದಲಿಗಿಂತ ಜೋರಾಗಿ ಮೇಯುತ್ತದೆ. ನಮ್ಮ ಕಡೆ ಕೂಸಿಗೂ ಗೊತ್ತಿರುವ ವಿಷಯ. ಮಾವ ಕಾಲೇಜಿನ ಮಕ್ಕಳಿಗೂ ಇದೇ ಕಾನೂನು ಹಾಕಿದ್ದ.

ಮರಳವಾಡಿ ಕಡೆಯ ಹುಡುಗನೊಬ್ಬ ಊಟದ ಬೆಲ್ ಆದರೂ ಡಬ್ಬಿ ಬಿಚ್ಚದೆ ಹಿಂದಿನ ಬೆಂಚಿನಲ್ಲಿ ಕೂತೇ ಇರುತ್ತಿದ್ದ. ಜೊತೆಯವರು ಮಾತಾಡಿಸಲು ಹೋದರೆ ಮಾವನೇ ಅಡ್ಡ.

"ಮುಟ್ಬ್ಯಾಡಿ ಕಣ್ರಲಾ! ಸುಮ್ಕೆ ಕುಂತಿರೋ ಹುಳಾನ ಯಾರಾರ ತಿವೀತಾರಾ? ತಾನೇ ಎದ್ದೇಳ್ತಾನೆ."

ಹುಡುಗ ಎದ್ದ. ಎದ್ದು ಕಾಲೇಜು ಬಿಟ್ಟು ಹೋದ. ಮಾವ ಹೀಗಾದದ್ದು ಅವತ್ತಿನಿಂದ.

ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಶೆಡ್ಡಿನ ಪಕ್ಕ ಶೆಡ್ಡು ಏಳುತ್ತಿದ್ದ ಕಾಲ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ನನಗೂ ಅಲ್ಲಿನ ಒಂದು ಫ್ಯಾಕ್ಟರಿಯಲ್ಲೇ ಕೆಲಸ. ಒಂದು ದಿನ ಪಕ್ಕದ ಮಷೀನಿಗೆ ಹೊಸಬ ಬಂದ. ಮಾತಾಡುತ್ತಾ ಮಾತಾಡುತ್ತಾ ಗೊತ್ತಾಯಿತು, ಆ ಮರಳವಾಡಿ ಕಡೆಯ ಹುಡುಗನೇ ಇವನು! ಮಾವನಿಗೆ ಹೇಳಿದೆ. ಮರುದಿನ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಮಾವ ಗೇಟಿನ ಹತ್ತಿರ ನಿಂತಿದ್ದ.

"ಏನಾಗಿತ್ಲಾ ಮಗಾ ನಿಂಗೆ?"

"ಪಾಠ ಎಲ್ಲಾ ಇಂಗ್ಲಿಷು ಅಣ್ಣೋ. ಒಸೀನೂ ತಲೆಗೆ ಹೋಯ್ತಿರ್ಲಿಲ್ಲ. ದಡ್ಡ ಅಂತ ನಗ್ತಾರೆ ಅಂತ ಯಾರ್ ತಾವೂ ಬಾಯ್ಬುಡ್ಲಿಲ್ಲ."

"ಅಷ್ಟೇಯಾ? ನಂಗಾದ್ರೂ ಹೇಳ್ಬಾರ್ದಿತ್ತಾ?"

"ನೀವು ಕೇಳ್ತೀರಾ ಅಂತ ಕಾಯ್ತಿದ್ದೆ. ಬಾಗ್ಲತ್ರ ಬರೋರು, ನೋಡೋರು, ಹೊಂಟೋಗೋರು."

"ವಾಪಸ್ ಬಾರ್ಲಾ. ಪ್ರಿನ್ಸಿಪಾಲ್ರ ಕಾಲಾದ್ರೂ ಹಿಡೀತೀನಿ."

"ಇನ್ನೆಲ್ಲಿ ಬತ್ತೀನಿ ಬುಡಿ, ನಮ್ಮಪ್ಪ ಸಂಬಳದ ರುಚಿ ಕಂಡ್ಬುಟ್ಟವ್ನೆ!" ಎಂದು ಹುಡುಗ ನಕ್ಕ.

ಮಾವ ನಗಲಿಲ್ಲ. ಹೆಗಲ ಟವೆಲ್ ತೆಗೆದು, ಹುಡುಗನ ಕೈ ಹಿಡಿದು, ಬೆರಳು ಬೆರಳಿನ ಗ್ರೀಸ್ ಒರೆಸತೊಡಗಿದ. ಗ್ರೀಸ್ ಬರೀ ಟವೆಲ್ಲಿನಲ್ಲಿ ಒರೆಸಿದರೆ ಹೋಗುವುದಿಲ್ಲ. ಅದು ನನಗೂ ಗೊತ್ತು, ಹುಡುಗನಿಗೂ ಗೊತ್ತು. ಹುಡುಗ ಇನ್ನೊಂದು ಕೈಯನ್ನೂ ಕೊಟ್ಟ.