ಒಂದಕ್ಷರ ಬಿಡದೆ

ಬಿಳಿ ಭಾನುವಾರದ ಬೆಳಿಗ್ಗೆ ಲಫಾಯೆಲೆ ಕೋಳಿ ಕೂಗುವ ಮೊದಲೇ ಎದ್ದು ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ಊರಿನ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ವಚನ ಒಪ್ಪಿಸುವ ದಿನ ಅದು. ಪಾದ್ರಿಗಳ ಪಟ್ಟಿಯಲ್ಲಿ ಮೊದಲ ಹೆಸರೇ ಅವನ ಮಗಳು ಲುಪೆಯದು. ಲುಪೆಗೆ ಮೂರೂವರೆ ವರ್ಷ, ಮಾತಿಲ್ಲ.

ಪೂರ್ತಿ ಇಲ್ಲವೆಂದಲ್ಲ. ಸಮೋವಾದ ಎಲ್ಲ ಕೂಸುಗಳಂತೆ ಅವಳ ಮೊದಲ ನುಡಿಯೂ "ಸಗಣಿ ತಿನ್ನು" ಎಂಬ ಬೈಗುಳವೇ. ಮನೆಯವರು ಹಿಗ್ಗಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಇನ್ನು ಹೇಳುವುದೇನೂ ಉಳಿದಿಲ್ಲ ಎಂಬಂತೆ ಅಂದು ಮುಚ್ಚಿದ ಬಾಯಿಯನ್ನು ಲುಪೆ ಊಟಕ್ಕೆ ಬಿಟ್ಟರೆ ತೆರೆದಿರಲಿಲ್ಲ.

"ದೇವರು ಪ್ರೀತಿಯೇ. ಎರಡೇ ಮಾತು, ಹೇಳೇ ಬಂಗಾರ," ಎಂದು ಲಫಾಯೆಲೆ ಬೇಡಿಕೊಂಡ. ಲುಪೆ ಅವನ ಮೂಗನ್ನೇ ನೋಡುತ್ತ ನಿಂತಳು.

ಕಾದ ಕಲ್ಲುಗಳ ಮೇಲೆ ಹಬ್ಬದಡುಗೆ ಬೇಯಲಿಟ್ಟು ಬಾಳೆಲೆ ಹೊದಿಸುತ್ತಿದ್ದ ಅವನ ತಾಯಿ ಫಾಲುಟೆ ರೇಗಿದಳು. "ಯಾರಿಗೂ ಹೇಳ್ದೇ ಇರೋ ಮಾತು ಎಂಥ ಮಾತೋ? ಅವ್ಳಿಗೊಂದು ಸುದ್ದಿ ಕೊಟ್ಟು ಅಟ್ಟು. ನಿಂಗೂ ನಾಲಿಗೆ ತಿರುಗಿದ್ದು ಮನೆಮನೆಗೆ ಸುದ್ದಿ ಹೊತ್ತೇ. ಹೇಳಿದ್ದನ್ನ ಒಂದಕ್ಷರ ಬಿಡದೆ ಒಪ್ಪಿಸ್ಬೇಕು, ಅಷ್ಟೆ."

"ಲುಪೇ, ಪಕ್ಕದ್ಮನೆ ಮತಲೇನತ್ತೆಗೆ ಹೋಗಿ ಹೇಳು, ಅಪ್ಪ ತುರಿಮಣೆ ಕೇಳಿದ್ರು," ಎಂದ ಲಫಾಯೆಲೆ ಒಮ್ಮೆ ಕೆಮ್ಮಿ ತಾಯಿಯ ಕಡೆ ತಿರುಗಿದ. "ನಮ್ದೇ ತುರಿಮಣೆ. ಹೋದ ವರ್ಷ ಒಯ್ದೋಳು. ಅವ್ಳು ಕೂತು ಕೂತು ಅದ್ರ ಕಾಲೇ ಬಗ್ಗಿ ಹೋಗಿರುತ್ತೆ."

ಲುಪೆ ಹೋಗಿ ಮತಲೇನಳ ಮುಂದೆ ಕಂಬದಂತೆ ನಿಂತಳು.

"ಅಯ್ಯೋ, ಮಗು ಹಸಿದು ಬಂದಿದೆ!" ಮತಲೇನಳ ದನಿ ಬೇಲಿ ದಾಟಿ ಬಂತು, ಚರ್ಚಿನ ಹಾಡಿನ ಮೇಳಕ್ಕೆ ಅವಳೇ ಮುಂದಾಳು. "ನಿಮ್ಮನೇಲಿ ಒಲೆ ಹತ್ತಿಲ್ವೇನೋ ಲಫಾಯೆಲೆ?"

ಲುಪೆಯ ಕೈಯಲ್ಲಿ ಸುಟ್ಟ ದೀವಿಹಲಸಿನ ಬುಟ್ಟಿ ಬಂತು. ಬಂದ ಬುಟ್ಟಿಯನ್ನು ಬರಿದಾಗಿ ಹಿಂದಿರುಗಿಸುವುದುಂಟೆ? ಲಫಾಯೆಲೆ ಅದರಲ್ಲಿ ಮೀನಿನ ಡಬ್ಬಿಗಳನ್ನಿಟ್ಟು ಕಳಿಸಿದ. ಮತಲೇನ ಬಿಟ್ಟಾಳೆಯೇ? ಕೋಳಿ ಕಳಿಸಿದಳು. ಮಾನ ಉಳಿಸಿಕೊಳ್ಳಲು ಲಫಾಯೆಲೆ ಹಬ್ಬದ ಹಂದಿಯ ತೊಡೆಯನ್ನೇ ಕೊಡಬೇಕಾಯಿತು. ಲುಪೆ ಹೋದಳು, ಬಂದಳು, ತುಟಿ ಪಿಟಕ್ಕೆನ್ನಲಿಲ್ಲ.

ಕೊನೆಯ ದಾರಿಯೆಂದು ಅವಳಿಗೆ ಬಿಳಿ ಲಂಗ ತೊಡಿಸಿ, "ಪಾದ್ರಿಗಳಿಗೆ ಹೇಳು, ನನ್ನ ಹೆಸರು ಎಲ್ಲರಿಗಿಂತ ಕೊನೆಗೆ ಹಾಕ್ಬೇಕಂತೆ," ಎಂದ. ಮತ್ತೆ ಕೆಮ್ಮಿ ತಾಯಿಗೆ ಹೇಳಿದ: "ಅಷ್ಟೊತ್ತಿಗೆ ಅವ್ರ ಪ್ರಸಂಗ ಕೇಳಿ ಊರೇ ಗೊರಕೆ ಹೊಡೀತಿರುತ್ತೆ. ಇವ್ಳು ಮಾತಾಡಿದ್ರೇನು, ಬಿಟ್ರೇನು?"

ಬಾಗಿಲಲ್ಲಿ ಸುಮ್ಮನೆ ನಿಂತ ಮಗುವನ್ನು ಕಂಡು ಪಾದ್ರಿಗಳು, "ಎಷ್ಟು ಆಸೆ ನೋಡಿ ಇದಕ್ಕೆ! ಎಲ್ಲರಿಗಿಂತ ಮುಂಚೆ ಬಂದಿದೆ," ಎಂದು ಕರೆದೊಯ್ದು ಮುಂದಿನ ಬೆಂಚಿನಲ್ಲಿ ಕೂರಿಸಿಬಿಟ್ಟರು.

ಚರ್ಚು ತುಂಬಿತು. ಲುಪೆ ಎದ್ದು ನಿಂತಳು. ಪಾದ್ರಿಗಳ ಮೂಗನ್ನೇ ನೋಡಿದಳು. ಬೆಂಚಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಲಫಾಯೆಲೆ, "ದೇವರು... ದೇವರು..." ಎಂದು ಪಿಸುಗುಟ್ಟಿದ. ಬೆವರು ಇಳಿದು ಅಂಗಿ ಮೈಗೆ ಅಂಟಿತು.

ಫಾಲುಟೆಗೆ ತಡೆಯಲಾಗಲಿಲ್ಲ. "ಲುಪೇ, ಹೇಳಿ ಕಳ್ಸಿದ್ದನ್ನ ಹೇಳೇ!"

ಲುಪೆ ಕೆಮ್ಮಿದಳು, ಥೇಟ್ ಅಪ್ಪನಂತೆ. ಬಾಯಿ ತೆರೆದಳು.

"ಮತಲೇನತ್ತೆ, ಅಪ್ಪ ತುರಿಮಣೆ ಕೇಳಿದ್ರು. ನಮ್ದೇ ತುರಿಮಣೆ. ಹೋದ ವರ್ಷ ಒಯ್ದೋಳು. ಅವ್ಳು ಕೂತು ಕೂತು ಅದ್ರ ಕಾಲೇ ಬಗ್ಗಿ ಹೋಗಿರುತ್ತೆ." ಮತ್ತೊಮ್ಮೆ ಕೆಮ್ಮಿ ಪಾದ್ರಿಗಳ ಕಡೆ ತಿರುಗಿದಳು. "ನನ್ನ ಹೆಸರು ಎಲ್ಲರಿಗಿಂತ ಕೊನೆಗೆ ಹಾಕ್ಬೇಕಂತೆ. ಅಷ್ಟೊತ್ತಿಗೆ ಅವ್ರ ಪ್ರಸಂಗ ಕೇಳಿ ಊರೇ ಗೊರಕೆ ಹೊಡೀತಿರುತ್ತೆ. ಇವ್ಳು ಮಾತಾಡಿದ್ರೇನು, ಬಿಟ್ರೇನು?" ಉಸಿರೆಳೆದುಕೊಂಡು ಮುಗಿಸಿದಳು: "ದೇವರು ಪ್ರೀತಿಯೇ."

ಚರ್ಚಿನ ಸೂರು ಹಾರಿಹೋಗುವಂತೆ ಜನ ನಕ್ಕರು. ಪಾದ್ರಿಗಳು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಮತಲೇನ ಮಾತ್ರ ನಗಲಿಲ್ಲ.

ಮಧ್ಯಾಹ್ನ ಮಕ್ಕಳನ್ನು ಕೂರಿಸಿ ದೊಡ್ಡವರು ಬಡಿಸುವ ಹೊತ್ತು. ಲಫಾಯೆಲೆ ಉಳಿದಿದ್ದ ಕೆಸುವಿನ ಗೆಡ್ಡೆ ಹಿಡಿದು ಮಗಳನ್ನು ಹುಡುಕುತ್ತಿದ್ದಾಗ ಅವಳು ಮತಲೇನಳ ಬುಟ್ಟಿ ಹೊತ್ತು ಬೇಲಿ ಸಂದಿಯಿಂದ ನುಸುಳಿ ಬಂದಳು. ಕೋಪ ಇಳಿದು ತುರಿಮಣೆ ಬಂತೆಂದು ಅವನು ಆಸೆಯಿಂದ ಬುಟ್ಟಿಗೆ ಮುಚ್ಚಿದ್ದ ಎಲೆ ಸರಿಸಿದ. ಬುಟ್ಟಿ ಬರಿದು.

ಲುಪೆ ಸೊಂಟದ ಮೇಲೆ ಕೈಯಿಟ್ಟಳು.

"ಅಪ್ಪಾ, ಮತಲೇನತ್ತೆ ಹೇಳಿದ್ರು: ಸಗಣಿ ತಿನ್ನು."

"ನೋಡೋ, ಒಂದಕ್ಷರ ಬಿಟ್ಟಿಲ್ಲ!" ಎಂದು ಫಾಲುಟೆ ಆನಂದದಿಂದ ಕಣ್ಣೊರೆಸಿಕೊಂಡಳು.

ಲುಪೆ ಅಪ್ಪನ ಮೂಗನ್ನೇ ನೋಡುತ್ತ ನಿಂತಳು. "ವಾಪಸ್ ಏನ್ ಹೇಳ್ಲಿ ಅಪ್ಪಾ?"

ಲಫಾಯೆಲೆ ಕೈಯಲ್ಲಿದ್ದ ಕೆಸುವಿನ ಗೆಡ್ಡೆಯನ್ನು ತನ್ನ ಬಾಯಿಗೇ ತುರುಕಿಕೊಂಡ.