ಅತ್ತೆಯ ವೈಫೈ ಕಾವಲು

ಹೊಳೆನರಸೀಪುರದ ನಮ್ಮ ಸೋದರತ್ತೆಯ ಮನೆಗೆ ಹೋದರೆ ಊಟ ಸಿಗುತ್ತದೆ, ಹಾಸಿಗೆ ಸಿಗುತ್ತದೆ, ಬೇಡವೆಂದರೂ ಹೊರಡುವಾಗ ಚೀಲದ ತುಂಬ ತೆಂಗಿನಕಾಯಿ ಸಿಗುತ್ತದೆ. ವೈಫೈ ಪಾಸ್‌ವರ್ಡ್ ಮಾತ್ರ ಸಿಗುವುದಿಲ್ಲ!

ಮೊದಲು ಹೀಗಿರಲಿಲ್ಲ. ಮನೆಯ ಮುಂಗೋಣೆಯಲ್ಲಿ ಅತ್ತೆಯದೊಂದು ಜೆರಾಕ್ಸ್ ಅಂಗಡಿ. ಅಲ್ಲಿನ ಪಾಸ್‌ವರ್ಡ್ ಬೀದಿಗೆಲ್ಲ ಬಾಯಿಪಾಠ. ಒಂದು ಬೆಳಿಗ್ಗೆ, ನಾನು ಅಲ್ಲಿದ್ದಾಗಲೇ, ಯಾರೂ ಮುಟ್ಟದೆ ಪ್ರಿಂಟರ್ ತಾನಾಗಿ ಗುರುಗುಟ್ಟಿ ಹಾಳೆಯೊಂದನ್ನು ಉಗುಳಿತು. ನೋಡಿದರೆ ಎಮ್ಮೆ! ಅದೂ ಕಲರ್ ಪ್ರಿಂಟು! ಎದುರುಮನೆಯವರು ಮಾರಲಿಟ್ಟ ಎಮ್ಮೆಯ ಫೋಟೋ ಯಾರಿಗೋ ಕಳಿಸಲು ಹೋಗಿ ಅತ್ತೆಯ ಪ್ರಿಂಟರಿಗೆ ಕಳಿಸಿದ್ದರು.

"ಇವತ್ತು ಎಮ್ಮೆ ಒಳಕ್ಕೆ ಬಂತು. ನಾಳೆ ಗಿರಾಕಿಗಳ ಆಧಾರ್ ಕಾರ್ಡು ಆಚೆಗೋದ್ರೆ?" ಎಂದರು ಅತ್ತೆ.

ನಗುತ್ತಿದ್ದವನು ಎಮ್ಮೆಯ ಹಾಳೆ ಕೆಳಗಿಟ್ಟೆ. ಹೌದಲ್ಲ!

ಆಮೇಲೆ ವಿಡಿಯೋ ನೋಡಿ ನೋಡಿ ಅತ್ತೆ ವೈಫೈಯನ್ನು ಮೂರು ಪಾಲು ಮಾಡಿದರು. ಮನೆಯವರಿಗೊಂದು, ಪ್ರಿಂಟರಿಗೊಂದು, ಬಂದುಹೋಗುವವರಿಗೊಂದು. ಪಾಸ್‌ವರ್ಡ್ ಯಾರಿಗೂ ಹೇಳರು. ಫೋನ್ ಕಿತ್ತುಕೊಂಡು, ಬೆನ್ನು ತಿರುಗಿಸಿ, ತಾವೇ ಒತ್ತಿ ಕೊಡುತ್ತಾರೆ. ಹಾಸನದಿಂದ ಹೋದ ನನ್ನನ್ನೂ ಬಂದುಹೋಗುವವರ ಪಾಲಿಗೇ ತಳ್ಳಿದರು.

"ಅತ್ತೆ, ನಾನು ನಿಮ್ಮಣ್ಣನ ಮಗ!"

"ನೀನು ನಮ್ಮೋನೇ ಕಣ್ಲಾ. ನಿನ್ ಫೋನು ಯಾರ್ಯಾರ ಸಾವಾಸ ಮಾಡೈತೋ ಯಾರ್ ಕಂಡೋರು?"

ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡಿದ್ದ ಮಾವ ಕುಳಿತಲ್ಲೇ ಭುಜ ಕುಣಿಸಿ ನಕ್ಕರು.

ಮುಂದಿನ ಸಲ ನಾನು ಹೋದಾಗ ಮನೆಯವರ ವೈಫೈಗೆ ಯಾವ್ಯಾವುದು ಸೇರಿದೆಯೆಂದು ಅತ್ತೆಯ ಫೋನು ತೋರಿಸುವ ಪಟ್ಟಿಯಲ್ಲಿ ಗುರುತಿಲ್ಲದ್ದೊಂದು ಬಂದು ಕೂತಿತ್ತು. ಹೆಸರಿಲ್ಲ, ಬರೀ ಅಂಕಿ ಅಕ್ಷರ. ಏನಿರಬಹುದು? ನನಗೂ ತಡೆಯಲಾಗಲಿಲ್ಲ. ಟಿವಿ ಆರಿಸಿದೆವು, ಹೋಗಲಿಲ್ಲ. ವಾಷಿಂಗ್ ಮೆಷಿನ್ನಿನ ಮೇಲೆ ಅನುಮಾನ ಬಂದು ಪ್ಲಗ್ ಕಿತ್ತೆವು. ಬಟ್ಟೆ ಅರ್ಧ ಒಗೆದು ನಿಂತಿತು, ಅದು ಹೋಗಲಿಲ್ಲ!

"ಇರು, ಮಾಡ್ತೀನಿ ಇದುಕ್ಕೆ" ಎಂದ ಅತ್ತೆ ಪಾಸ್‌ವರ್ಡನ್ನೇ ಬದಲಾಯಿಸಿಬಿಟ್ಟರು. ಮಾಯ! ಅತ್ತೆ ಗೆದ್ದ ಮುಖ ಮಾಡಿಕೊಂಡು ಅಂಗಡಿಯಲ್ಲಿ ಕೂತರು.

ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯಿಂದ ಮಾವ ಬಂದರು. ಎದೆಗವಚಿಕೊಂಡ ಒಂದು ಟ್ಯಾಬ್. ಚನ್ನರಾಯಪಟ್ಟಣದಲ್ಲಿರುವ ಮಗಳು ಗುಟ್ಟಾಗಿ ತಂದುಕೊಟ್ಟು, ಅಮ್ಮನ ಫೋನಿನಿಂದಲೇ ವೈಫೈಗೆ ಸೇರಿಸಿ ಹೋಗಿದ್ದಳಂತೆ. ಮಾತು ಕಲಿಸುವ ಮೇಡಂ ಒಬ್ಬರು ಹಾಸನದಿಂದ ಅದರಲ್ಲೇ ಪಾಠ ಮಾಡುತ್ತಿದ್ದರಂತೆ. ತಡವರಿಸುವುದು ಹೆಂಡತಿಯ ಕಿವಿಗೆ ಬೀಳಬಾರದೆಂದು ಮಾವ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಮಾವ ಟ್ಯಾಬನ್ನು ಅತ್ತೆಯ ಮುಂದೆ ಹಿಡಿದರು. ತುಟಿ ಅದುರಿತು.

"ಪಾ... ಪಾಸು..."

ಅತ್ತೆ ಎದ್ದು ನಿಂತರು.

"...ವರ್ಡು."

"ಇನ್ನೊಂದ್ಸಲ ಅನ್ರೀ" ಎಂದರು ಅತ್ತೆ. ಮಾವ ಇನ್ನೊಂದು ಸಲ ಅಂದರು.

ಜೆರಾಕ್ಸಿಗೆ ಬಂದವರು ಬಾಗಿಲ ತುಂಬ ನಿಂತಿದ್ದರು. ಅತ್ತೆ ಅವರ ಕಡೆ ನೋಡಲೂ ಇಲ್ಲ. ಮಾವನನ್ನು ಕೈಹಿಡಿದು ಕೂರಿಸಿ, ಹೊಸ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಹೇಳತೊಡಗಿದರು. ಮಾವ ಒಂದೊಂದನ್ನೂ ಅವರ ಹಿಂದೆಯೇ ಹೇಳುತ್ತ ಬಂದರು.